ಹರಕೆಯ ಬರಿಗಾಲು

ನಮ್ಮಪ್ಪ ಖಾನಾಪುರದ ತುಂಬ ಬರಿಗಾಲಲ್ಲೇ ತಿರುಗುವವರು. ಲಗ್ನವಾದ ಹೊಸತರಲ್ಲಿ ಹೊತ್ತ ಹರಕೆಯಂತೆ. ಯಾವ ದೇವರಿಗೆ ಅಂತ ಕೇಳಿದರೆ ಮಾತು ತೇಲಿಸುತ್ತಿದ್ದರು. ಅವರ ಹರಕೆಗೆ ಜೊತೆಯಾಗಲಿ ಎಂದು ಅವ್ವ ತನಗೆ ಪ್ರಾಣವಾದ ಬದನೆಕಾಯಿ ಬಿಟ್ಟಿದ್ದಳು. ನಮಗೆ ಮಾಡಿ ಬಡಿಸುತ್ತಿದ್ದಳು, ತಾನು ಮುಟ್ಟುತ್ತಿರಲಿಲ್ಲ.

ಅಪ್ಪನಿಗೆ ಸಕ್ಕರೆ ಕಾಯಿಲೆ ಬಂದ ಮೇಲೆ ಡಾಕ್ಟರು, ಒಂದು ಮುಳ್ಳು ಚುಚ್ಚಿದರೂ ಕಾಲು ಕಳೆದುಕೊಳ್ಳಬೇಕಾದೀತು ಎಂದರು. ಅವ್ವ ಅತ್ತಳು, ನಾನು ಜಗಳಾಡಿದೆ. ಅಪ್ಪನನ್ನು ಕೋಣ ಅನ್ನಬಾರದು, ಆದರೆ ನಾವು ಬಾರಿಸಿದ್ದು ಕಿನ್ನರಿಯನ್ನೇ.

ಹೋದ ವರ್ಷ ನನ್ನ ಕಾಲಿಗೂ ಕೇಡು ಬಂತು. ಬೆಳಗಾವಿಯ ಆಫೀಸಿಗೆಂದು ತೊಗಲಿನ ಚಪ್ಪಲಿ ಕೊಂಡಿದ್ದೆ. ಕೆಲವೇ ದಿನಗಳಲ್ಲಿ ಪಾದದ ಮೇಲೆ ತುರಿಕೆ, ನೀರುಗುಳ್ಳೆ. ನಂಜು ಎಂದು ಅವ್ವ ನನಗೂ ಬದನೆಕಾಯಿ ಬಿಡಿಸಿದಳು, ಬೆನ್ನಿಗೇ ರೊಟ್ಟಿಗೆ ನೆಂಚಿಕೊಳ್ಳುವ ಶೇಂಗಾ ಹಿಂಡಿಯನ್ನೂ. ಸಪ್ಪೆ ಸಾರು ಉಣ್ಣುತ್ತ ನನಗೆ ಕಂಡವರ ಮೇಲೆಲ್ಲ ಸಿಟ್ಟು. ಕಡೆಗೆ ಬೆಳಗಾವಿಯಲ್ಲೇ ಚರ್ಮದ ಡಾಕ್ಟರಿಗೆ ತೋರಿಸಿದೆ. ಚಪ್ಪಲಿಯ ಪಟ್ಟಿ ತಾಗುವಲ್ಲಿ ಮಾತ್ರ ಗುಳ್ಳೆಗಳಿದ್ದವು. ಅವರು ಬೆನ್ನಿಗೆ ಏನೇನೋ ಅಂಟಿಸಿ ಪರೀಕ್ಷೆ ಮಾಡಿ, ತೊಗಲು ಹದ ಮಾಡುವ ರಾಸಾಯನಿಕ ನನಗೆ ಆಗಿಬರುವುದಿಲ್ಲ, ಬಟ್ಟೆಯ ಬೂಟು ಹಾಕಿಕೊಳ್ಳಿ ಎಂದರು.

ರಾತ್ರಿ ಊಟಕ್ಕೆ ಕೂತಾಗ ಇದನ್ನು ಹೇಳಿದೆ. ಅಪ್ಪ ತುತ್ತು ಕೈಯಲ್ಲೇ ಹಿಡಿದು ನನ್ನ ಪಾದ ನೋಡಿದರು.

"ನನಗೂ ಹಿಂಗ ಆಗಿತ್ತವಾ," ಅಂದರು. "ಲಗ್ನದಾಗ ನಿಮ್ಮಜ್ಜ ಕೊಟ್ಟ ಚಪ್ಪಲಿ ಹಾಕ್ಕೊಂಡಿದ್ದೆ. ಕಾಲ ತುಂಬ ಗುಳ್ಳಿ ಎದ್ವು. ಹುಡುಗಗ ರೋಗ ಐತಿ ಅಂತ ನಿಮ್ಮವ್ವನ್ನ ತವರಮನಿಗೆ ಕರಕೊಂಡು ಹೋಗ್ತಾರ ಅಂತ ಅಂಜಿದೆ. ಹರಕಿ ಅಂದುಬಿಟ್ಟೆ. ಹರಕಿ ಅಂದ್ರ ಯಾರೂ ಏನೂ ಕೇಳೂದಿಲ್ಲ."

"ಆಮ್ಯಾಲ ಬ್ಯಾರೆ ಚಪ್ಪಲಿ ಹಾಕ್ಕೋಬೇಕಿತ್ತಪಾ."

"ದೇವರ ಹೆಸರ ಹೇಳಿ ಕುಂತಮ್ಯಾಲ ಹೆಂಗ ಹಾಕ್ಕೋಳೂದು?"

ಅವ್ವ ಸೌಟು ಹಿಡಿದು ನಿಂತಿದ್ದಳು. ಈಗ ಮಹಾಭಾರತ ಶುರುವಾಯಿತು ಅಂದುಕೊಂಡೆ. ಆದರೆ ಅವಳು ಅಪ್ಪನ ತಾಟಿಗೆ ಇನ್ನಷ್ಟು ಅನ್ನ ಬಡಿಸಿದಳು. ಅವಳನ್ನು ಕಳೆದುಕೊಳ್ಳುವ ಅಂಜಿಕೆಯಿಂದ ಒಬ್ಬ ಮನುಷ್ಯ ಇಷ್ಟು ವರ್ಷ ಕಲ್ಲುಮುಳ್ಳು ತುಳಿದಿದ್ದ. ನನಗೆ ನಗು, ಅಳು ಎರಡೂ ಬಂದವು.

ಮರುದಿನ ಬೆಳಗಾವಿಯಿಂದ ಅಪ್ಪನಿಗೂ ಬಟ್ಟೆಯ ಬೂಟು ತಂದೆ. ಅವರು ಅದನ್ನು ಹಾಕಿಕೊಂಡು ಅಂಗಳದಲ್ಲಿ ಹುಷಾರಾಗಿ ನಾಲ್ಕು ಹೆಜ್ಜೆ ನಡೆದರು.

"ದೇವರಿಗೆ ಏನ್ ಹೇಳೂದು ಈಗ?" ಅಂತ ನಾನು ಕೆಣಕಿದೆ.

"ದೇವರಿಗೆ ಮೊದಲಿಂದ ಗೊತ್ತೈತಿ. ಇಷ್ಟ ದಿನ ಗೊತ್ತಿಲ್ಲದಾಕಿ ನಿಮ್ಮವ್ವ ಒಬ್ಬಾಕಿನ."

ಅವ್ವ ಒಳಗಿನಿಂದ ಕೈಚೀಲ ತಂದು ಅವರ ಕೈಗಿತ್ತಳು.

"ಹಂಗ ಬೂಟ ಹಾಕ್ಕೊಂಡ ಪ್ಯಾಟಿಗೆ ಹೋಗಿ ಬದ್ನಿಕಾಯಿ ತರ್ರಿ," ಅಂದಳು. "ಎಳೀವು ನೋಡಿ ತರ್ರಿ. ನಾನೂ ಉಣ್ಣಾಕಿ ಅದೀನಿ."