ಕಾಕುವಿನ ದನಿ, ಕಾಕಾನ ಪೆಟ್ಟಿಗೆ

ಹೋದ ತಿಂಗಳು ಒಂದು ಸಂಜೆ ತಿರುಗಾಡಲು ಹೋದಾಗ, ನಮ್ಮ ಓಣಿಯ ತುದಿಯ ಗುಜರಿ ಅಂಗಡಿಯ ಮುಂದೆ ಒಂದು ಹಳೆಯ ಸ್ಪೀಕರ್ ಪೆಟ್ಟಿಗೆ ಕಂಡಿತು. ನನ್ನ ಸೊಂಟದಷ್ಟು ಎತ್ತರ. ಮುಂದಿನ ಬಟ್ಟೆ ಹರಿದಿತ್ತು, ಒಳಗಿನದೆಲ್ಲ ಯಾರೋ ಬಿಚ್ಚಿಕೊಂಡು ಹೋಗಿದ್ದರು. ಖಾಲಿ ಜಾಗದಲ್ಲಿ ಒಂದು ಬೆಕ್ಕು ಬಾಣಂತನ ಮಾಡಿಕೊಂಡಿತ್ತು. ಬಗ್ಗಿ ನೋಡಿದೆ. ಬೆಕ್ಕು ಗುರ್ ಎಂದಿತು. ಖರೆ ಹೇಳುತ್ತೇನೆ, ಆ ಪೆಟ್ಟಿಗೆಯೊಳಗಿಂದ ಬಂದ ಗುರುಗುಟ್ಟುವಿಕೆಗೆ ಹುಲಿಯ ಗತ್ತಿತ್ತು. ಹಿಂದೆ ಸರಿದವನು ಎಪ್ಪತ್ತರ ದಶಕದ ರಾಮದುರ್ಗಕ್ಕೆ, ಶಾಮಕಾಕಾನ ನಡುಮನೆಗೆ ಹೋಗಿ ನಿಂತೆ. ಬೇಸರವಿಲ್ಲದಿದ್ದರೆ ನೀವೂ ಬನ್ನಿ.

ಶಾಮಕಾಕಾ ನನ್ನ ತಂದೆಯ ತಮ್ಮ. ನಮ್ಮದು ಪೌರೋಹಿತ್ಯದ ಮನೆತನ. ಅಜ್ಜ ಸುತ್ತಲಿನ ಊರುಗಳಲ್ಲೆಲ್ಲ ಮಂತ್ರ ಹೇಳಿ ಮದುವೆ ಮಾಡಿಸಿದವರು. ಕಾಕಾ ಮಾತ್ರ ಬೈಲಹೊಂಗಲದ ಅರಳೆ ವ್ಯಾಪಾರಿಯೊಬ್ಬರ ಕಡೆ ಕೆಲಸಕ್ಕಿದ್ದರು. ವಾರವೆಲ್ಲ ಬಸ್ಸಿನ ಧೂಳು ಕುಡಿದು ಶನಿವಾರ ಮನೆಗೆ ಬಂದರೆ ಕೈಕಾಲು ತೊಳೆಯುವ ಮೊದಲೇ ರೆಕಾರ್ಡು ಹಚ್ಚುತ್ತಿದ್ದರು. ಆದರೆ ಅವರ ಹಳೆಯ ಪ್ಲೇಯರಿನಲ್ಲಿ ಎಂಥ ದೊಡ್ಡ ಗವಾಯಿಯೂ ತಗಡಿನ ಡಬ್ಬಿಯಲ್ಲಿ ಸಿಕ್ಕ ದುಂಬಿಯಂತೆ ಕೇಳುತ್ತಿದ್ದರು. ಹೊಸ ಸ್ಟೀರಿಯೋ ತಂದ ಮೇಲೆ ಕಾಕಾನಿಗೆ ಒಂದೇ ಧ್ಯಾಸ: ಸ್ಪೀಕರು ಎಂಥದಿರಬೇಕೆಂದರೆ, ಹಾಡುವವರು ನಮ್ಮ ನಡುಮನೆಯ ಜಮಖಾನೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದಾರೆ ಎನ್ನಿಸಬೇಕು. ಅವರು ಉಸಿರೆಳೆದದ್ದು ಕೇಳಬೇಕು. ಸಾಧ್ಯವಾದರೆ ಎಲೆಯಡಿಕೆಯ ವಾಸನೆಯೂ ಬರಬೇಕು.

ಬೆಳಗಾವಿಯ ಅಂಗಡಿಯವರು ಕಾಕಾನ ಕಾಟ ತಾಳಲಾರದೆ ಎರಡು ಜೋಡಿ ಸ್ಪೀಕರು ಕೊಟ್ಟು, ಮನೆಯಲ್ಲಿ ಕೇಳಿ ನೋಡಿ ಬೇಡವಾದದ್ದನ್ನು ತಿರುಗಿ ತರಲು ಹೇಳಿದರು. ಒಂದು ಜೋಡಿ ಬೀರುವಿನಷ್ಟು ದೊಡ್ಡದು. ಇನ್ನೊಂದು ಸಾದಾ, ನೋಡಲು ಜೇನು ಸಾಕುವ ಪೆಟ್ಟಿಗೆಯಂತಿತ್ತು. ನಾನು ಆಗ ಧಾರವಾಡದಲ್ಲಿ ಕಾಲೇಜು ಓದುತ್ತಿದ್ದು ರಜೆಗೆ ಬಂದಿದ್ದೆ. ವಿಜ್ಞಾನದ ವಿದ್ಯಾರ್ಥಿ ಎಂಬ ಕಾರಣಕ್ಕೆ ನನ್ನ ಅಭಿಪ್ರಾಯ ಕೇಳಲಾಯಿತು. ನಾನು ಹುಬ್ಬು ಗಂಟಿಕ್ಕಿ, ಎರಡಕ್ಕೂ ತಲೆ ಆಡಿಸಿದೆ. ಮಗ್ಗುಲ ಮನೆಯ ವಕೀಲರು ದೊಡ್ಡದನ್ನೇ ಎತ್ತಿ ಹಿಡಿದರು. ತಬಲಾ ಬಾರಿಸಿದಾಗ ಅವರ ಧೋತರ ಅಲುಗಿತಂತೆ. ಅದೇ ನಿಜವಾದ ಸಂಗೀತವಂತೆ.

ಈ ಚರ್ಚೆ ಮುಗಿಯದಿದ್ದಾಗ ಅಡಿಗೆಮನೆಯ ಬಾಗಿಲ ಹಿಂದಿನಿಂದ ಕಾಕಾನ ಹೆಂಡತಿ ಮಾಲತಿಕಾಕು ಮಾತಾಡಿದಳು. “ಈ ಹಾಡವ್ರು ನಿಮ್ಮೆದುರಿಗೆ ಎಂದಾದ್ರೂ ಕೂತು ಹಾಡ್ಯಾರೇನು? ಅವರ ಖರೇ ದನಿ ಹೆಂಗದ ಅಂತ ನಿಮಗೇನ ಗೊತ್ತು? ದಿನಾ ಕೇಳೂ ದನಿ ಹಚ್ಚಿ ನೋಡ್ರಿ.”

ಕಾಕು ಬಾಗಿಲ ಹಿಂದೆ ಯಾಕಿದ್ದಳೆಂದು ಹೇಳಬೇಕು. ನಮ್ಮ ಮನೆಯಲ್ಲಿ ಸೊಸೆ ಮಾವನ ಎದುರು ನಿಂತು ಮಾತಾಡುವ ಪದ್ಧತಿ ಇರಲಿಲ್ಲ. ಪಡಸಾಲೆಯಲ್ಲಿ ಅಜ್ಜ, ಅಡಿಗೆಮನೆಯಲ್ಲಿ ಕಾಕು, ನಡುವೆ ಬಾಗಿಲು. ಅಜ್ಜನ ಕಣ್ಣಿಗೆ ಪೊರೆ ಬಂದು ಎಲ್ಲ ಮಸುಕಾಗಿತ್ತು, ಹಾಗಾಗಿ ಅವರ ಪಾಲಿಗೆ ಸೊಸೆ ಎಂದರೆ ಬರೀ ಒಂದು ದನಿ. ಆ ದನಿ ಒಂದು ವರ್ಷದಿಂದ ಒಂದೇ ಮಾತು ಕೇಳುತ್ತಿತ್ತು. ಸವದತ್ತಿಯ ತವರಿನಲ್ಲಿದ್ದಾಗಲೇ ಕಾಕು ಶಿಕ್ಷಕಿಯ ತರಬೇತಿ ಮುಗಿಸಿದ್ದಳು. ಊರಿನ ಹೆಣ್ಣುಮಕ್ಕಳ ಶಾಲೆಗೆ ಹೋಗುವ ಆಸೆ ಅವಳಿಗೆ. ಅಜ್ಜ ಬೇಡ ಎಂದವರಲ್ಲ. ಅವಳು ಆ ಮಾತು ತೆಗೆದಾಗಲೆಲ್ಲ ಮಜ್ಜಿಗೆ ಕೇಳುತ್ತಿದ್ದರು. ಕಾಕು ಮಜ್ಜಿಗೆ ಕಡೆಯಲು ಹೋಗಬೇಕು, ಮಾತು ಅಲ್ಲಿಗೇ ಮುಳುಗಬೇಕು. ಕಾಕಾನನ್ನು ಕೇಳಿದರೆ, ಅಪ್ಪ ಹೂಂ ಅಂದರೆ ತನ್ನದೇನೂ ಅಡ್ಡಿಯಿಲ್ಲವೆಂದು ರೆಕಾರ್ಡು ಒರೆಸುತ್ತಿದ್ದರು.

ಕಾಕುವಿನ ಸೂಚನೆ ಕಾಕಾನಿಗೆ ಹಿಡಿಸಿತು. ಯಾರದೋ ಟೇಪ್ ರೆಕಾರ್ಡರ್ ಇಸಿದುಕೊಂಡು ಬಂದು, ಅವಳದೇ ದನಿ ತುಂಬುವುದೆಂದು ತೀರ್ಮಾನಿಸಿದರು. ದಿನಾ ಮಾತಾಡಿದಂತೆ ಏನಾದರೂ ಮಾತಾಡು ಎಂದು ಹೇಳಿ, ಗುಂಡಿ ಒತ್ತಿ ಕೊಟ್ಟರು. ಕಾಕು ನಮ್ಮನ್ನೆಲ್ಲ ಹೊರಗೆ ಕಳಿಸಿ ಕೋಣೆಯ ಬಾಗಿಲು ಹಾಕಿಕೊಂಡಳು. ಬಹಳ ಹೊತ್ತಿನ ಮೇಲೆ ಹೊರಗೆ ಬಂದಳು.

ಮಧ್ಯಾಹ್ನ ಊಟವಾದ ಮೇಲೆ ಪರೀಕ್ಷೆ. ವಕೀಲರೂ ಬಂದರು. ಸ್ಪೀಕರುಗಳನ್ನು ಅಡಿಗೆಮನೆಯ ಬಾಗಿಲ ಬದಿಗೆ ಇಟ್ಟೆವು, ದನಿ ಬರಬೇಕಾದ ಜಾಗ ಅದೇ ಆದ್ದರಿಂದ. ಅಜ್ಜ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕಣ್ಣು ಮುಚ್ಚಿದ್ದರು. ಇದು ಟೇಪಿನ ದನಿ ಎಂದು ಅವರಿಗೆ ಹೇಳುವುದು ಯಾರಿಗೂ ಹೊಳೆಯಲಿಲ್ಲ. ಮೊದಲು ದೊಡ್ಡ ಜೋಡಿ. “ಇವತ್ತ ಎಣಗಾಯಿ ಮಾಡೇನಿ, ಸ್ವಲ್ಪ ಖಾರ ಆಗೇದ” ಎಂದು ಬಾವಿಯ ತಳದಿಂದ ಎಂಬಂತೆ ಮಾತು ಎದ್ದು ಬಂತು. ಅಜ್ಜ ಕಣ್ಣು ತೆರೆದರು.

“ಯಾರ ಬಂದಾರ? ಅಡಿಗಿಯವ್ರೇನು? ಕೂಡಸ್ರಿ ಅವರನ್ನ.”

ವಕೀಲರು ನಕ್ಕು ಕೆಮ್ಮಿದರು. ಕಾಕಾ ಟೇಪು ನಿಲ್ಲಿಸಿ, ವೈರು ಬದಲಿಸಿ, ಸಾದಾ ಜೋಡಿಗೆ ಹಚ್ಚಿ ಮತ್ತೆ ಚಾಲೂ ಮಾಡಿದರು. ಟೇಪು ನಿಂತಲ್ಲಿಂದ ಮುಂದಕ್ಕೆ ಓಡಿತು.

“ಮಾವನವರ, ಸಾಲ್ಯಾಗ ಒಂದು ಜಾಗಾ ಖಾಲಿ ಅದ ಅಂತ. ನೀವು ಹೂಂ ಅಂದ್ರ ನಾಳೆ ಹೋಗಿ ಕೇಳಿ ಬರತೇನಿ. ಮನೀ ಕೆಲಸಕ್ಕ ಏನೂ ಕಮ್ಮಿ ಮಾಡೂದಿಲ್ಲ.”

ದನಿಯಲ್ಲಿ ಕಾಕುವಿನ ಉಸಿರಿತ್ತು, ಬಳೆಯ ಸಣ್ಣ ಸದ್ದಿತ್ತು. ಆಮೇಲೆ ಟೇಪಿನಲ್ಲಿ ಮೌನ. ಅಜ್ಜ ಗೋಡೆಗೆ ಮತ್ತೆ ಒರಗಿ, ಎಂದಿನ ರಾಗದಲ್ಲಿ ಹೇಳಿದರು: “ಸ್ವಲ್ಪ ಮಜ್ಜಿಗಿ ಕೊಡು.”

ಪೆಟ್ಟಿಗೆ ಉತ್ತರಿಸಿತು. “ಮಜ್ಜಿಗಿ ಆಮ್ಯಾಲೆ ಕೊಡತೇನಿ. ಮೊದಲ ಇದಕ್ಕ ಏನಂತೀರಿ ಹೇಳ್ರಿ.”

ಆ ಮನೆಯಲ್ಲಿ ಅಜ್ಜನಿಗೆ ಹಾಗೆ ಯಾರೂ ಮಾತಾಡಿರಲಿಲ್ಲ. ನಾನು ಅಡಿಗೆಮನೆಯತ್ತ ನೋಡಿದೆ. ಕಾಕು ಉಪ್ಪಿನ ಭರಣಿ ಹಿಡಿದು ಬಾಯಿ ಮುಚ್ಚಿ ನಿಂತಿದ್ದಳು. ಅಜ್ಜ ಗೋಡೆ ಬಿಟ್ಟು ನೆಟ್ಟಗೆ ಕೂತರು. ಕೊನೆಗೆ, “ಹೋಗವಾ, ಹೋಗಿ ಬಾ” ಎಂದರು.

ಕಾಕಾನಿಗೆ ಹೆಂಡತಿಯ ನೌಕರಿ, ಅಪ್ಪನ ಒಪ್ಪಿಗೆ ಯಾವುದೂ ಕಿವಿಗೆ ಬಿದ್ದಂತಿರಲಿಲ್ಲ. ಅವರು ಸಾದಾ ಪೆಟ್ಟಿಗೆಯ ನೆತ್ತಿ ಸವರುತ್ತ, “ಇದ ಇರಲಿ” ಎಂದರು.

ಕೆಡಿಸಲು ಹೋದವರು ವಕೀಲರು. ಅಜ್ಜ ಉತ್ತರ ಕೊಟ್ಟದ್ದು ಸೊಸೆಗಲ್ಲ, ಯಂತ್ರಕ್ಕೆ; ಅಂಥ ಮಾತಿಗೆ ಕಟ್ಟುಬೀಳಬೇಕಾಗಿಲ್ಲ ಎಂದು ಅವರಿಗೇ ತಿಳಿಸಿಹೇಳಿದರು. ಅಜ್ಜ ಎಲ್ಲವನ್ನೂ ಕೇಳಿಸಿಕೊಂಡರು. ಆಮೇಲೆ ಕಾಕುವನ್ನು ಹೆಸರು ಹಿಡಿದು ಕರೆದರು. ಕಾಕು ಬಾಗಿಲ ತನಕ ಬಂದು ನಿಂತಳು.

“ಮಾತು ಆಕೀದು, ಹೂಂ ಅಂದಾಂವ ನಾನು” ಎಂದು ಅಜ್ಜ ವಕೀಲರಿಗೆ ಹೇಳಿದರು. “ನಡುವ ಇಷ್ಟ ದಿನಾ ಬಾಗಲಾ ಇತ್ತು, ಇವತ್ತ ಪೆಟಗಿ ಇತ್ತು. ಏನ ಫರಕ?” ಆಮೇಲೆ ಕಾಕುವಿನ ಕಡೆ ತಿರುಗಿದರು. “ನಾಳಿಂದ ಎದುರಿಗೆ ಬಂದು ಮಾತಾಡು. ನನಗ ನೀ ಯಾರು, ಪೆಟಗಿ ಯಾವದು ತಿಳಿಯೂದಿಲ್ಲ.”

ಕಾಕು ಹೊಸ್ತಿಲು ದಾಟಿ ಬಂದು ಅಜ್ಜನ ಎದುರು ನಿಂತಳು. ಮಜ್ಜಿಗೆಗೆ ಉಪ್ಪು ಎಷ್ಟು ಎಂದು ಕೇಳಿದಳು.

ಈ ಪ್ರಸಂಗವನ್ನು ನಾನು ಎಷ್ಟೋ ಮದುವೆ ಮುಂಜಿವೆಗಳ ಪಂಕ್ತಿಯಲ್ಲಿ ಹೇಳಿದ್ದೇನೆ. ಕಾಕು ಹೂಡಿದ ಹೂಟ ಎಂದೇ ಹೇಳಿದ್ದೇನೆ. ಗುಜರಿ ಅಂಗಡಿಯ ಮುಂದೆ ನಿಂತ ಮರುವಾರ ರಾಮದುರ್ಗಕ್ಕೆ ಹೋಗುವ ಕೆಲಸ ಬಿತ್ತು. ಕಾಕಾ ಈಗಿಲ್ಲ. ಕಾಕು ಮುಖ್ಯಾಧ್ಯಾಪಕಿಯಾಗಿ ನಿವೃತ್ತಳಾಗಿ, ಮಗಳ ಮನೆಯವರನ್ನೆಲ್ಲ ಇನ್ನೂ ಸಾಲಿನಲ್ಲಿ ನಿಲ್ಲಿಸಿದ್ದಾಳೆ. ಚಹಾ ಕುಡಿಯುತ್ತ, ಅಂಥ ಉಪಾಯ ಹೇಗೆ ಹೊಳೆಯಿತೆಂದು ಕೇಳಿದೆ.

“ಎಲ್ಲೀದು ಉಪಾಯ” ಎಂದಳು ಕಾಕು. ಪರೀಕ್ಷೆಗೆ ಅವಳು ಹೇಳಿದ್ದು ಎಣಗಾಯಿಯ ಮಾತಷ್ಟೇ. ಯಂತ್ರ ನಿಲ್ಲಿಸುವುದು ಅವಳಿಗೆ ತಿಳಿದಿರಲಿಲ್ಲ. ಆ ತುಂಬಿದ ಮನೆಯಲ್ಲಿ ಬಾಗಿಲು ಹಾಕಿಕೊಂಡು ಒಬ್ಬಳೇ ಕೂಡಲು ಸಿಕ್ಕದ್ದೇ ಅಪರೂಪವೆಂದು, ಮಾವನ ಎದುರು ಆಡಬೇಕಾದ ಮಾತನ್ನು ಬಾಯಿಪಾಠ ಮಾಡಿಕೊಂಡಿದ್ದಳು, ಅಷ್ಟೇ. ಮಜ್ಜಿಗೆಗೂ ಉತ್ತರ ಸಿದ್ಧಮಾಡಿಕೊಂಡಿದ್ದಳು. ನಡುವೆ ಸುಮ್ಮನಾದದ್ದು ಎದೆ ಹಾರಿದ್ದಕ್ಕೆ. ಪೆಟ್ಟಿಗೆ ಅದನ್ನೆಲ್ಲ ಒದರಿದಾಗ ಅವಳಿಗೆ ಭರಣಿ ಕೆಳಗಿಡುವ ಶಕ್ತಿಯೂ ಉಳಿದಿರಲಿಲ್ಲವಂತೆ.

“ಅವತ್ತ ಸಂಜಿಮುಂದ ನಾನ ಅವರ ಎದುರಿಗೆ ನಿಂತು ಕೇಳಾಕಿ ಇದ್ದೆ. ಧೈರ್ಯಾ ಮಾಡಿದ್ದೆ. ಆ ಪೆಟಗಿ ನನಗಿಂತ ಮೊದಲ ಕೇಳಿಬಿಟ್ತು.” ಹೇಳುವಾಗ ಅವಳ ಮುಖದಲ್ಲಿ ಇಷ್ಟು ವರ್ಷಗಳ ಸಣ್ಣದೊಂದು ಸಿಟ್ಟಿತ್ತು. ಕಾಕಾ ಸಾಯುವವರೆಗೆ ಆ ಸ್ಪೀಕರಿನ ಗುಣ ಹೊಗಳಿದರು. ನಾನೂ ತಾಳ ಹಾಕಿದೆ. ಅವಳ ಧೈರ್ಯದ ಸುದ್ದಿ ಯಾರಿಗೂ ಗೊತ್ತೇ ಇರಲಿಲ್ಲ.

ಹಾಗಾದರೆ ಆ ಧೈರ್ಯ ಸುಮ್ಮನೇ ಹೋಯಿತಲ್ಲ ಕಾಕು, ಎಂದೆ.

“ಯಾಕ ಹೋಗ್ತದ? ಮರುದಿನ ಸಾಲ್ಯಾಗ ನನಗ ಕಲಸಲಿಕ್ಕೆ ಒಂದನೇತ್ತಾ ಕ್ಲಾಸು ಕೊಡಲಿಕ್ಕೆ ಬಂದ್ರು. ಒಲ್ಲೆ, ಏಳನೇತ್ತಾ ಕೊಡ್ರಿ ಅಂದೆ” ಎಂದಳು, ಮತ್ತು ನನ್ನ ಚಹಾ ಆರುತ್ತಿದೆ ಎಂದು ಗದರಿದಳು.