ಬಣ್ಣ ಕೆರೆಯುತ್ತಿದ್ದ ಪೇದೆ

ಚಿನ್ನದ ಗಣಿಯಿದ್ದ ನಮ್ಮೂರು ಊರಿಗಾಂನಿಂದ ಬಂಗಾರಪೇಟೆಗೆ ಹೋಗುವ ದಾರಿಯ ಚೌಕಿಯಲ್ಲಿದ್ದ ಪೇದೆ ಬಲಗೈ ಹೆಬ್ಬೆರಳಿನ ಉಗುರನ್ನು ಮಾತ್ರ ಕತ್ತರಿಸುತ್ತಿರಲಿಲ್ಲ. ಗಣಿಯಿಂದ ಕದ್ದ ಚಿನ್ನಕ್ಕೆ ಬಣ್ಣ ಬಳಿದು ಸಾಗಿಸುತ್ತಾರೆಂದು ಅವರು ನಂಬಿದ್ದರು. ವಾಹನದ ಮೇಲೆ ಹೊಸ ಬಣ್ಣ ಕಂಡಲ್ಲೆಲ್ಲ ಆ ಉಗುರಿನಿಂದ ಕೆರೆಯುತ್ತಾ, "ಬ್ಯಾಸರ ಮಾಡ್ಕಬ್ಯಾಡಿ, ನೋಡ್ತೀನಿ ಅಷ್ಟೇಯ" ಎನ್ನುತ್ತಿದ್ದರು.

ಗಣಿಯಲ್ಲಿ ಫಿಟ್ಟರಾಗಿದ್ದ ನನ್ನ ಸೋದರಮಾವ ಹಳೆಯ ಲಾರಿಯ ಭಾಗಗಳಿಂದ ತಾವೇ ಒಂದು ಕಾರು ಕಟ್ಟಿ, ಮೈಯೆಲ್ಲ ಕಪ್ಪು ಬಣ್ಣ ಬಳಿದಿದ್ದರು. ನಾನು ಕಾಲೇಜಿಗೆ ಹೊರಟ ದಿನ, ಊರಿನಲ್ಲೇ ರೈಲು ಸಿಗುತ್ತಿದ್ದರೂ, ಬಂಗಾರಪೇಟೆಯವರೆಗೆ ಅದರಲ್ಲೇ ಬಿಡುತ್ತೇನೆಂದು ಹಠ ಹಿಡಿದರು. ಪೇದೆ ತಡೆದರು.

"ಇದೇನ್ ಕಾರೋ, ಕಬ್ಬಿಣದ್ ಪೆಟ್ಟಿಗೇನೋ?"

"ಮಗೂನ್ ಥರ ಸಾಕಿವ್ನಿ ಸಾಮಿ, ಮೆಲ್ಲಗೆ ಕೆರೀರಿ" ಎಂದು ಮಾವ ನಕ್ಕರು. ಅವರ ಅಂಗಿಯ ಬೆನ್ನು ಒದ್ದೆಯಾಗಿತ್ತು.

ಬಾಗಿಲು, ಬಂಪರ್, ಚಕ್ರದ ಬೋಲ್ಟು, ಎಲ್ಲವೂ ಕಬ್ಬಿಣವೇ. ಸೀಟಿನಡಿಯ ದಪ್ಪ ಕಂಬಿಯನ್ನು ಕೆರೆಯಲು ಹೋದಾಗ, ಬಣ್ಣ ಏಳುವ ಮೊದಲೇ ಪೇದೆಯ ಉಗುರು ಮುರಿಯಿತು. ಅವರು ಬೆರಳು ಚೀಪುತ್ತಾ ನನ್ನ ಕಡೆ ತಿರುಗಿದರು.

"ನೀವು ಓದ್ದೋರು ತಾಯಿ, ಸುಳ್ಳೇಳಲ್ಲ. ಇದ್ರಾಗೇನೂ ಇಲ್ಲ ತಾನೇ?"

"ಇಲ್ಲ" ಎಂದೆ. ಅವರು ತಕ್ಷಣ ದಾರಿ ಬಿಟ್ಟರು.

ಬಂಗಾರಪೇಟೆ ಬರುವವರೆಗೆ ಮಾವ ಆಗಾಗ ಕೈ ಇಳಿಬಿಟ್ಟು ಸೀಟಿನಡಿಯ ಆ ಕಂಬಿಯನ್ನು ಮುಟ್ಟಿ ನೋಡುತ್ತಿದ್ದರು. ಅದರ ಬಗ್ಗೆ ನಾನು ಕೇಳಲಿಲ್ಲ. ಆಮೇಲೆ ರಜೆಗೆ ಬಂದಾಗಲೆಲ್ಲ, ನನ್ನ ಮಾತು ನಂಬಿದ ಆ ಪೇದೆ ಎದುರಾಗದಿರಲೆಂದು ಊರಿನವರೆಗೂ ರೈಲಿನಲ್ಲೇ ಬಂದೆ.