ದೊಡ್ಡವ್ವನ ಕಾಲು

ನಮ್ಮಕ್ಕ ನೀಲವ್ವನ ಪಾದಗಳು ಗಂಡಸರ ಪಾದಗಳಷ್ಟು ಅಗಲ, ಹಿಮ್ಮಡಿಯ ತುಂಬ ಬಿರುಕು. ಹಿತ್ತಲಲ್ಲಿ ಕಾಲು ಚಾಚಿ ಕುಳಿತು, ನನ್ನ ಮಗ ಬಸುವನ್ನು ಆ ಪಾದಗಳ ಮೇಲೆ ಕೂರಿಸಿಕೊಂಡಳೆಂದರೆ ಮುಗಿಯಿತು, ಗದ್ದುಗೆ ಏರಿದವನ ಹಾಗೆ ಅವನು ಅಲುಗಾಡುತ್ತಿರಲಿಲ್ಲ. "ಗುಡಗೇರಿ ಟೇಶನ್ನಿಗೆ ಗಾಡಿ ಬಂತು... ನಿಂತಿತು... ಮಂದಿ ಇಳದ್ರು... ಈಗ ಬಿಡ್ತೈತಿ ನೋಡು, ಕೂ..." ಎನ್ನುವಳು. ಅವಳ 'ಕೂ' ಮುಗಿಯುವುದರೊಳಗೆ ಬಸುವಿನ ಕೆಲಸವೂ ಮುಗಿದಿರುತ್ತಿತ್ತು.

ಅಕ್ಕನಿಗೆ ಮಕ್ಕಳಿಲ್ಲ. ತಿರ್ಲಾಪುರದ ಗಂಡನ ಮನೆಯಿಂದ ಅವಳು ಬಂದದ್ದು ನನಗಾಗಿ. ನಾನು ಕಳೆ ತೆಗೆಯಲು ಹೊಲಕ್ಕೆ ಹೋಗಬೇಕಿತ್ತು. ಅಂಗನವಾಡಿ ಟೀಚರು, "ಒಂದಕ್ಕ ಎರಡಕ್ಕ ಹೇಳೂದು ಕಲಸಿ ಕಳಸ್ರಿ" ಎಂದಿದ್ದರು. ನನ್ನಿಂದ ಅದು ಆಗಿರಲಿಲ್ಲ. ನಾನು ಓದಿದ್ದು ಐದನೆಯ ತರಗತಿಯ ತನಕ, ತಾಳ್ಮೆ ಅದಕ್ಕಿಂತ ಕಡಿಮೆ. ಒದ್ದೆ ಚಡ್ಡಿ ಕಂಡರೆ ಮೊದಲು ನನ್ನ ಕೈ ಏಳುತ್ತಿತ್ತು.

ಅಕ್ಕ ಬಂದ ಮೇಲೆ ನನ್ನ ತಲೆಯೊಳಗೆ ಒಂದು ಹುಳ ಹೊಕ್ಕಿತು. ಅವಳ ಹತ್ತಿರ ದಿನವಿಡೀ ಚೆನ್ನಾಗಿರುವ ಹುಡುಗ ನಾನು ಎತ್ತಿಕೊಂಡ ಕೂಡಲೇ ಒದ್ದೆ ಮಾಡುತ್ತಾನಲ್ಲ, ಏಕೆ? "ಇವನ್ನ ನನಗ ಕೊಟ್ಟಬಿಡಲೇ ಕಲ್ಲವ್ವ, ನಿನಗ ಮತ್ತೊಂದ ಆಕೈತಿ" ಎಂದು ಅವಳು ಒಮ್ಮೆ ನಕ್ಕದ್ದು ನೆನಪಾಯಿತು. ಅಷ್ಟರಲ್ಲಿ, ತಂತಿಯ ಮೇಲೆ ಹರವಿದ ಅವಳ ಸೀರೆಯ ಮಡಿಕೆಯೊಳಗೆ ಬಸುವಿನ ಚಡ್ಡಿ ಅಡಗಿರುವುದನ್ನು ಕಂಡೆ. ಇಷ್ಟು ಬಿಸಿಲಿರುವಾಗ ಮರೆಯಲ್ಲಿ ಏಕೆ ಒಣಗಿಸಬೇಕು? ಕೂಸಿನ ಬಟ್ಟೆ ಒಯ್ದು ಏನೇನೋ ಮಾಡಿಸುವವರ ಸುದ್ದಿ ಕೇಳಿದ್ದೆ. ಅಂದಿನಿಂದ ಅಕ್ಕ ಬಡಿಸಿದ ರೊಟ್ಟಿಯನ್ನೂ ತಿರುವಿ ನೋಡಿ ತಿನ್ನುತ್ತಿದ್ದೆ.

ಒಂದು ಮಧ್ಯಾಹ್ನ ಹೊಲದಿಂದ ಬೇಗ ಬಂದು ಹಿತ್ತಲ ಗೋಡೆಯ ಮರೆಗೆ ನಿಂತೆ. ಅಕ್ಕ ಬಸುವಿನ ಕಾಲು ತೊಳೆಯುತ್ತ ಪಿಸುಗುಡುತ್ತಿದ್ದಳು: "ಅವ್ವನ ಮುಂದ ಹೇಳಬಾರ್ದು, ಹಾಂ? ನಂದೂ ನಿಂದೂ ಇಬ್ಬರದ ಮಾತಿದು."

ನುಗ್ಗಿಬಿಟ್ಟೆ. "ನನ್ನ ಮಗಗ ಏನ ಕಲಸಾಕತ್ತಿ?"

"ಉಚ್ಚಿ ಹೊಯ್ಯಾಕ" ಎಂದು ನಗಲು ನೋಡಿದಳು.

"ನಗಬ್ಯಾಡ. ಚಡ್ಡಿ ಯಾಕ ಮುಚ್ಚಿಡ್ತಿ? ನಿನಗಿಲ್ಲಂತ ನಂದು ಕಸ್ಕೊಳ್ಳಾಕ ಬಂದಿಯೇನು?"

ಅಕ್ಕ ಏನೋ ಹೇಳಲು ಬಾಯಿ ತೆರೆದಳು. ಬಸುವನ್ನು ನೋಡಿದಳು, ನನ್ನ ಕೈ ನೋಡಿದಳು. "ಹೂಂ, ಬಿಡು" ಎಂದಳು, ಅಷ್ಟೇ. ಮರುದಿನ ಮೊದಲ ಬಸ್ಸಿಗೆ ಹೋದಳು. ನಾನು ಒಲೆಯ ಮುಂದಿನಿಂದ ಏಳಲಿಲ್ಲ.

ಸಂತೆಯಿಂದ, ಮಕ್ಕಳು ಎರಡಕ್ಕೆ ಕೂರುವ ನೀಲಿ ಪ್ಲಾಸ್ಟಿಕ್ ಪಾಟು ತಂದೆ. ಬಸು ಅದನ್ನು ತಲೆಗೆ ಹಾಕಿಕೊಂಡು ಓಡಾಡಿದ. ಹಿಡಿದು ಕೂರಿಸಿದರೆ ಹಲ್ಲು ಕಚ್ಚಿ, ಹೊಟ್ಟೆ ಕಲ್ಲು ಮಾಡಿಕೊಂಡು ಕೂರುತ್ತಿದ್ದ. ಒಂದು ಸಂಜೆ ನೋಡಿದರೆ ತಂತಿಯ ಕೆಳಗೆ ಬತ್ತಲೆ ನಿಂತಿದ್ದಾನೆ. ಇಳಿಬಿದ್ದ ನನ್ನ ಸೀರೆಯೊಳಗೆ ತನ್ನ ಒದ್ದೆ ಚಡ್ಡಿಯನ್ನು ತುರುಕುತ್ತಿದ್ದಾನೆ. ನನ್ನನ್ನು ಕಂಡವನೇ ಎರಡೂ ಕೈಗಳಿಂದ ಕೆನ್ನೆ ಮುಚ್ಚಿಕೊಂಡ.

"ಅವ್ವಾ, ಬಡೀಬ್ಯಾಡ."

ಅಕ್ಕ ಯಾರಿಂದ, ಏನನ್ನು ಮುಚ್ಚಿಡುತ್ತಿದ್ದಳೆಂದು ಆಗ ತಿಳಿಯಿತು.

ಫೋನ್ ಮಾಡಿದೆ. "ತಪ್ಪಾತಬೇ ಅಕ್ಕಾ, ಬಾ."

"ಹತ್ತಿ ಬಿಡಸೂದೈತಿ" ಎಂದಳು. ಆಮೇಲೆ, "ಕಾಲ ಚಾಚಿ ಕುಂದ್ರು. ಗಾಡಿ ಬಿಡೂತನಕ ಗಡಿಬಿಡಿ ಮಾಡಬ್ಯಾಡ" ಎಂದಳು.

ಹತ್ತಿ ಮುಗಿಯಿತು, ಕಡಲೆ ಕಿತ್ತದ್ದೂ ಆಯಿತು. ಅವಳು ಬಂದಿಲ್ಲ.

ಈಗ ಹಿತ್ತಲಲ್ಲಿ ನಾನೇ ಕಾಲು ಚಾಚಿ ಕೂರುತ್ತೇನೆ. ನನ್ನ ಪಾದ ಕಿರಿದು. ಬಸು ನನ್ನ ಮೊಣಕಾಲು ಹಿಡಿದು ಜರುಗಾಡುತ್ತ, "ದೊಡ್ಡವ್ವನ ಕಾಲ ಬೇಕು" ಎನ್ನುತ್ತಾನೆ. "ಗಾಡಿ ಬಂತು" ಎಂದರೆ ನಂಬುವುದಿಲ್ಲ, ಮೊದಲು ನನ್ನ ಕೈ ನೋಡುತ್ತಾನೆ. ಎರಡೂ ಕೈಗಳನ್ನು ಬೆನ್ನ ಹಿಂದೆ ನೆಲಕ್ಕೆ ಊರಿ, ನಾನು 'ಕೂ' ಎನ್ನುತ್ತೇನೆ.